ಬ್ಯಾಂಕಾಕ್‌ನ ರಾತ್ರಿಗಳು: ಕೂರುವ ಮೊದಲೇ ರೇಟು ಕೇಳಿ

ಬ್ಯಾಂಕಾಕ್‌ನಲ್ಲಿ ರಾತ್ರಿ ಸುತ್ತುವವರ ದುಡ್ಡು ಹೆಚ್ಚಾಗಿ ಸೋರುವುದು ಮಧ್ಯರಾತ್ರಿ ಕಳೆದು ರೂಮಿಗೆ ವಾಪಸ್ ಹೊರಟಾಗ. ಕಂಬಗಳ ಮೇಲೆ ಓಡುವ ನಗರ ರೈಲು ಸ್ಕೈಟ್ರೇನ್ ಹನ್ನೆರಡು ಗಂಟೆ ಹೊತ್ತಿಗೆ ನಿಂತುಹೋಗುತ್ತದೆ. ಬಾರ್‌ಗಳು ಎರಡು ಗಂಟೆವರೆಗೆ ನಡೆಯುತ್ತವೆ. 2023ರ ಡಿಸೆಂಬರ್‌ನಿಂದ ಲೈಸೆನ್ಸ್ ಇರುವ ಕೆಲವು ಜಾಗಗಳಿಗೆ ನಾಲ್ಕರವರೆಗೂ ಅನುಮತಿ ಇದೆ. ಆ ಹೊತ್ತಿನಲ್ಲಿ, ದಣಿದ ಕಾಲು, ಗುಂಯ್‌ಗುಡುವ ಕಿವಿ ಹೊತ್ತು ರಸ್ತೆಗೆ ಬಂದವರಿಗೆ ಚೌಕಾಸಿ ಮಾಡುವ ತ್ರಾಣ ಇರುವುದಿಲ್ಲ. ಟ್ಯಾಕ್ಸಿಯವರಿಗೆ ಅದು ಚೆನ್ನಾಗಿ ಗೊತ್ತು.

ಹಾಗಾಗಿ ಅಕ್ಕ, ಭಾವ, ನಾನು ಹೊರಡುವ ಮೊದಲೇ ನಕ್ಷೆ ಮುಂದಿಟ್ಟುಕೊಂಡು ಫಾಯಾ ಥಾಯ್ ನಿಲ್ದಾಣದ ಹತ್ತಿರ ರೂಮು ನೋಡಿದೆವು. ಸುವರ್ಣಭೂಮಿ ವಿಮಾನ ನಿಲ್ದಾಣದಿಂದ ಬರುವ ಏರ್‌ಪೋರ್ಟ್ ರೈಲು ಅಲ್ಲಿಗೇ ಬಂದು ಮುಗಿಯುತ್ತದೆ, ಟಿಕೆಟ್ 45 ಬಹ್ತ್ (ಥಾಯ್ ಹಣ). ಅದೇ ನಿಲ್ದಾಣದಲ್ಲಿ ಸ್ಕೈಟ್ರೇನ್ ಕೂಡ ಸಿಗುತ್ತದೆ. ಊರಾಚೆ ಇನ್ನೂ ಅಗ್ಗದ ರೂಮುಗಳಿದ್ದವು. ದಿನಾ ರಾತ್ರಿ ಟ್ಯಾಕ್ಸಿಗೆ ಸುರಿಯುವುದನ್ನು ಸೇರಿಸಿದರೆ ಆ ಅಗ್ಗ ಅಗ್ಗವಾಗಿ ಉಳಿಯುತ್ತಿರಲಿಲ್ಲ.

ದುಡ್ಡು ಬದಲಾಯಿಸಿದ್ದು ವಿಮಾನ ನಿಲ್ದಾಣದ ತಳಮಹಡಿಯಲ್ಲಿ, ರೈಲು ಹತ್ತುವ ಕಡೆ ಇರುವ ಕೌಂಟರ್‌ಗಳಲ್ಲಿ. ಮೇಲಿನ ಮಹಡಿಯ ಬ್ಯಾಂಕ್ ಕೌಂಟರ್‌ಗಳಿಗಿಂತ ಅಲ್ಲಿ ಒಳ್ಳೆಯ ರೇಟು ಸಿಗುತ್ತದೆ. ಥಾಯ್ಲೆಂಡಿನ ಎಟಿಎಂಗಳು ವಿದೇಶಿ ಕಾರ್ಡಿಗೆ ಪ್ರತಿ ಸಲ 220 ಬಹ್ತ್ ಅಥವಾ ಅದಕ್ಕೂ ಹೆಚ್ಚು ಕಿತ್ತುಕೊಳ್ಳುವುದರಿಂದ, ಸ್ವಲ್ಪ ಸ್ವಲ್ಪವೇ ತೆಗೆಯುವುದು ಶುದ್ಧ ನಷ್ಟ. ಯಂತ್ರವಾಗಲಿ ಅಂಗಡಿಯ ಸ್ವೈಪ್ ಮೆಷಿನ್ನಾಗಲಿ "ನಿಮ್ಮ ದೇಶದ ಹಣದಲ್ಲಿ ಲೆಕ್ಕ ಹಾಕಲೇ?" ಎಂದು ಕೇಳಿದರೆ ಬೇಡ ಎನ್ನಬೇಕು, ಬಹ್ತ್‌ನಲ್ಲೇ ಕೊಡಬೇಕು. ಆ ಸೌಲಭ್ಯದ ಹೆಸರಿನಲ್ಲಿ ಕೆಟ್ಟ ರೇಟು ಅಂಟಿಕೊಂಡಿರುತ್ತದೆ.

ರಾತ್ರಿ ಹೊರಡುವಾಗ ಅಕ್ಕನದೇ ಕಾನೂನು. ಪಾಸ್‌ಪೋರ್ಟ್‌ಗಳು ರೂಮಿನ ಲಾಕರ್‌ಗೆ, ಅವುಗಳ ಫೋಟೋ ಮೂವರ ಫೋನಿಗೆ. ಆ ರಾತ್ರಿಗೆಂದು ಎಣಿಸಿಟ್ಟ ನೋಟು ಮಾತ್ರ ಜೇಬಿಗೆ, ಕಾರ್ಡುಗಳಲ್ಲಿ ಒಂದು ಮಾತ್ರ ಜೊತೆಗೆ. "ಕುಡಿದ ಮೇಲೆ ಬಜೆಟ್ ಮಾಡೋಕಾಗಲ್ಲ, ಈಗ್ಲೇ ಮಾಡಿ" ಎಂದು ಭಾವನ ಕೈಗೆ ನೋಟುಗಳನ್ನಿಟ್ಟಳು.

ಖಾವೊ ಸಾನ್ ರಸ್ತೆ ಉದ್ದದಲ್ಲಿ ಅರ್ಧ ಕಿಲೋಮೀಟರೂ ಇಲ್ಲ. ಸಂಜೆ ಇಳಿಯುತ್ತಿದ್ದಂತೆ ಎರಡೂ ಕಡೆಯ ಬಾರ್‌ಗಳು ಎದುರುಬದುರಾಗಿ ಸ್ಪೀಕರ್ ತಿರುಗಿಸಿಕೊಂಡು ಹಾಡು ಹಾಕುತ್ತವೆ. ಕಡ್ಡಿಗೆ ಸಿಕ್ಕಿಸಿದ ಚೇಳು ಮಾರುವವರು, ಜಡೆ ಹೆಣೆಯುವವರು, ಪ್ಲಾಸ್ಟಿಕ್ ಬಕೆಟ್‌ನಲ್ಲಿ ಮದ್ಯ, ಸೋಡಾ, ಐಸ್ ಸುರಿದು ನಾಲ್ಕು ಸ್ಟ್ರಾ ಹಾಕಿ ಕೊಡುವವರು, ಎಲ್ಲರೂ ಅಲ್ಲೇ. ಭಾವನ ಕಣ್ಣು ಬಕೆಟ್ ಮೇಲೆ ಬಿತ್ತು. ನಾನು ಸುಮ್ಮನಿರಲಿಲ್ಲ. "ಭಾವ, ಬಾಟ್ಲಿ ನಮ್ಮೆದುರೇ ತೆಗೆದು ಸುರೀತಾರಾ ನೋಡಿ. ಇಲ್ಲಾಂದ್ರೆ ಬಿಯರ್ ತಗೊಳ್ಳಿ" ಅಂದೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಲೇಬೇಕು. 2024ರ ಆಗಸ್ಟ್‌ನಲ್ಲಿ ಇದೇ ಬ್ಯಾಂಕಾಕ್‌ನಲ್ಲಿ ಗಾಡಿಗಳಲ್ಲಿ ಮಾರುತ್ತಿದ್ದ 'ಯಾ ದೊಂಗ್' ಎಂಬ ನಾಟಿ ಗಿಡಮೂಲಿಕೆ ಮದ್ಯ ಕುಡಿದು ಹಲವರು ಸತ್ತರು. ಅದರಲ್ಲಿ ಮೆಥನಾಲ್ ಎಂಬ ವಿಷದ ಮದ್ಯಸಾರ ಸೇರಿತ್ತು. ಅದೇ ವರ್ಷ ನವೆಂಬರ್‌ನಲ್ಲಿ ಪಕ್ಕದ ಲಾವೋಸ್‌ನ ವಾಂಗ್ ವಿಯೆಂಗ್‌ನಲ್ಲಿ ಆರು ಮಂದಿ ವಿದೇಶಿ ಪ್ರವಾಸಿಗರು ಹೀಗೆಯೇ ತೀರಿಕೊಂಡರು. ಮೆಥನಾಲ್ ಬೆರೆತದ್ದು ನಾಲಿಗೆಗೆ ತಿಳಿಯುವುದಿಲ್ಲ. ದೇಹ ಅದನ್ನು ಫಾರ್ಮಿಕ್ ಆಮ್ಲವಾಗಿ ಮಾಡುತ್ತದೆ, ಅದು ಕಣ್ಣಿನ ನರಕ್ಕೆ ಹೊಡೆಯುತ್ತದೆ. ಲಕ್ಷಣಗಳು ಹಲವು ಗಂಟೆ ಕಳೆದು, ಒಮ್ಮೊಮ್ಮೆ ಮಾರನೇ ದಿನ ಕಾಣಿಸಿಕೊಳ್ಳುವುದರಿಂದ ಜನ ಅದನ್ನು ಹ್ಯಾಂಗೋವರ್ ಅಂದುಕೊಂಡು ಮಲಗಿಬಿಡುತ್ತಾರೆ. ಕುಡಿದ ಮರುದಿನ ಕಣ್ಣು ಮಂಜಾದರೆ, ಉಸಿರಾಟ ಜೋರಾದರೆ, ಹೊಟ್ಟೆನೋವು, ವಾಂತಿ ನಿಲ್ಲದಿದ್ದರೆ ಆಸ್ಪತ್ರೆಗೆ ಓಡಬೇಕು. ಆಂಬ್ಯುಲೆನ್ಸ್ ಸಂಖ್ಯೆ 1669. ಬೇಗ ಸಿಕ್ಕಿದರೆ ಇದಕ್ಕೆ ಚಿಕಿತ್ಸೆ ಇದೆ. ನನ್ನ ಮಟ್ಟಿಗೆ, ಮಾರುಕಟ್ಟೆ ದರಕ್ಕಿಂತ ತೀರಾ ಅಗ್ಗದ ಮದ್ಯ ಎಲ್ಲಿ ಸಿಕ್ಕರೂ ಬೇಡವೇ ಬೇಡ. ಉಳಿತಾಯ ಮಾಡಲು ಬೇರೆ ನೂರು ದಾರಿಗಳಿವೆ.

ಭಾವ ಮುಚ್ಚಳ ಬಿಗಿದ ಬಿಯರ್ ಬಾಟಲಿಯನ್ನೇ ಆರಿಸಿಕೊಂಡರು. ನಾವು ಪಕ್ಕದ ರಾಂಬುತ್ರಿ ಬೀದಿಗೆ ನಡೆದೆವು. ಅಲ್ಲಿ ಮರಗಳಿವೆ, ಗಿಟಾರ್ ನುಡಿಸುವವರಿದ್ದಾರೆ, ಮಾತಾಡಿದ್ದು ಕೇಳಿಸುತ್ತದೆ. ಎದ್ದು ಹೋದವರ ಲೋಟಕ್ಕೆ ಉಳಿದವರು ಕಾವಲು. ಯಾರೂ ಇಲ್ಲದೆ ಬಿಟ್ಟ ಲೋಟವನ್ನು ಮತ್ತೆ ಮುಟ್ಟಲಿಲ್ಲ, ಅರ್ಧ ತುಂಬಿದ್ದರೂ ಸರಿಯೇ.

ವಾಪಸ್ ಹೊರಟಾಗ ಒಂದು ಗಂಟೆ. ಖಾವೊ ಸಾನ್ ಹತ್ತಿರ ಸ್ಕೈಟ್ರೇನ್ ಇಲ್ಲವೇ ಇಲ್ಲ. ಬೀದಿಯ ತುದಿಯಲ್ಲಿ ನಿಂತಿದ್ದ ಟ್ಯಾಕ್ಸಿಯವನು "ನಾನೂರು" ಅಂದ. ಭಾವ ಮೀಟರ್ ಕಡೆ ಬೆರಳು ತೋರಿಸಿದರು. ಆತ ತಲೆಯಾಡಿಸಿ ಬೇಡವೆಂದ. ಮುಂದಿನ ಟುಕ್‌ಟುಕ್‌ನವನು ಮುನ್ನೂರಕ್ಕೆ ಇಳಿದ. ಅಲ್ಲಿ ನಿಂತ ಗಾಡಿಗಳೆಲ್ಲ ಪ್ರವಾಸಿಗರಿಗಾಗಿಯೇ ಕಾದಿರುತ್ತವೆ. ಇನ್ನೂರು ಹೆಜ್ಜೆ ನಡೆದು, ದೀಪವಿರುವ ದೊಡ್ಡ ರಸ್ತೆಯಲ್ಲಿ ಓಡುತ್ತಿದ್ದ ಟ್ಯಾಕ್ಸಿಗೆ ಕೈ ಅಡ್ಡ ಹಾಕಿದೆವು. ಆತ ಮಾತಿಲ್ಲದೆ ಮೀಟರ್ ಒತ್ತಿದ. 35 ಬಹ್ತ್‌ನಿಂದ ಶುರುವಾದ ಅಂಕಿ ಫಾಯಾ ಥಾಯ್ ಮುಟ್ಟುವಾಗ ತೊಂಬತ್ತನ್ನೂ ದಾಟಿರಲಿಲ್ಲ. ಮೀಟರ್ ಸಿಗದಿದ್ದರೆ ಗ್ರ್ಯಾಬ್, ಬೋಲ್ಟ್ ಆ್ಯಪ್‌ಗಳಿವೆ. ದರ ಮೊದಲೇ ಕಾಣುತ್ತದೆ, ಗಾಡಿ ನಂಬರ್ ಮನೆಯವರಿಗೆ ಕಳಿಸಬಹುದು. ಒಬ್ಬಳೇ ಹೊರಡುವ ಹೆಣ್ಣುಮಗಳಿಗೆ ನಾನು ಆ್ಯಪನ್ನೇ ಹೇಳುತ್ತೇನೆ.

ಜಾಗದ ಹೆಸರು ಹೇಳುವಾಗಲೂ ಎಚ್ಚರ ಬೇಕು. 'ನಾನಾ' ಎಂಬ ಹೆಸರಿನ ಜಾಗ ಬ್ಯಾಂಕಾಕ್‌ನಲ್ಲಿ ಎರಡು. ಒಂದು ಸುಖುಮ್ವಿತ್ ರಸ್ತೆಯದು, ನಿಯಾನ್ ದೀಪಗಳಡಿ ಹುಡುಗಿಯರು ಕುಣಿಯುವ ಗೋಗೋ ಬಾರ್‌ಗಳ ಕೇಂದ್ರ. ಇನ್ನೊಂದು ಚೈನಾಟೌನಿನ ಪುಟ್ಟ ಗಲ್ಲಿ, ಹಳೆಯ ಮನೆಗಳನ್ನು ಬಾರ್ ಮಾಡಿಕೊಂಡಿದ್ದಾರೆ. ಚಾಲಕರಿಗೆ ಬರೀ ನಾನಾ ಎಂದರೆ ಸೀದಾ ಸುಖುಮ್ವಿತ್‌ಗೆ ಒಯ್ಯುತ್ತಾರೆ.

ಸುಖುಮ್ವಿತ್ ಕಡೆಯ ಒಂದು ಬಾರಿನಲ್ಲಿ ಕೂತಾಗ ನನಗೆ ತುಂಬಾ ಹಿಡಿಸಿದ್ದು ಮೇಜಿನ ಮೇಲಿನ ಪುಟ್ಟ ಲೋಟ. ಏನು ತರಿಸಿದರೂ ಅದರ ಚೀಟಿಯನ್ನು ಸುರುಳಿ ಸುತ್ತಿ ಆ ಲೋಟಕ್ಕೆ ಸಿಕ್ಕಿಸುತ್ತಾರೆ. ಹೊರಡುವಾಗ ಎಲ್ಲ ಕೂಡಿಸಿ ಬಿಲ್. ಅಕ್ಕ ಪ್ರತಿ ಚೀಟಿ ಬಂದ ತಕ್ಷಣ ಬಿಚ್ಚಿ ಓದಿ ಮತ್ತೆ ಸುತ್ತಿಡುತ್ತಿದ್ದಳು. ಒಮ್ಮೆ ನಾವು ತರಿಸದ ಎರಡು ಬಿಯರ್ ಅದರಲ್ಲಿದ್ದವು. ಆಗಲೇ ಕರೆದು ತೋರಿಸಿದ್ದಕ್ಕೆ ಪರಿಚಾರಿಕೆ ಕೈಮುಗಿದು ಚೀಟಿ ಒಯ್ದಳು, ಅದು ಪಕ್ಕದ ಮೇಜಿನದಂತೆ. ರಾತ್ರಿ ಕೊನೆಗೆ ಇದನ್ನು ಯಾರು ಜ್ಞಾಪಿಸಿಕೊಂಡು ವಾದಿಸುತ್ತಿದ್ದರು? ಇಂಥ ಬಾರ್‌ಗಳಲ್ಲಿ ಗಂಟೆಯೊಂದು ತೂಗುತ್ತಿರುತ್ತದೆ. ಅದನ್ನು ಬಾರಿಸಿದವರು ಅಲ್ಲಿರುವವರಿಗೆಲ್ಲ ಒಂದು ಸುತ್ತು ಕುಡಿಸಬೇಕು ಎಂಬುದು ಪದ್ಧತಿ. ತಮಾಷೆಗೂ ಮುಟ್ಟಬೇಡಿ.

ಎತ್ತರದ ಕಟ್ಟಡಗಳ ಮೇಲಿನ ರೂಫ್‌ಟಾಪ್ ಬಾರ್‌ಗಳ ಮೆನುವಿನಲ್ಲಿ ದರದ ಮುಂದೆ ಎರಡು ಪ್ಲಸ್ ಗುರುತು ಕಾಣುತ್ತವೆ. ಮೊದಲಿನದು ಶೇ. 10 ಸೇವಾ ಶುಲ್ಕ, ಅದರ ಮೇಲೆ ಶೇ. 7 ವ್ಯಾಟ್. 400 ಎಂದು ಬರೆದದ್ದು ಬಿಲ್‌ನಲ್ಲಿ 470 ದಾಟುತ್ತದೆ. ಚಪ್ಪಲಿ, ಚಡ್ಡಿಯಲ್ಲಿ ಹೋದವರನ್ನು ಬಹಳ ಕಡೆ ಒಳಗೆ ಬಿಡುವುದೂ ಇಲ್ಲ. ನಾವು ಒಂದೊಂದೇ ಗ್ಲಾಸು ತಗೊಂಡು ದೀಪಗಳನ್ನು ಕಣ್ತುಂಬ ನೋಡಿ ಇಳಿದೆವು.

ಸಿಲೋಮ್‌ನ ಪಾಟ್‌ಪಾಂಗ್ ಮಾರುಕಟ್ಟೆಯಲ್ಲಿ ಮಾತ್ರ ನನಗೆ ಸಿಟ್ಟು ಬಂತು. ಲ್ಯಾಮಿನೇಟ್ ಮಾಡಿದ ಕಾರ್ಡ್ ಹಿಡಿದವನೊಬ್ಬ ಭಾವನ ಹಿಂದೆ ಬಿದ್ದ. "ಪ್ರವೇಶ ಉಚಿತ, ಬಿಯರ್ ನೂರೇ ಬಹ್ತ್, ಮೇಲೆ ಬನ್ನಿ" ಎನ್ನುತ್ತಾ ಕಿರಿದಾದ ಮೆಟ್ಟಿಲು ತೋರಿಸಿದ. ಇಲ್ಲಿ ಎಷ್ಟೋ ವರ್ಷಗಳಿಂದ ನಡೆಯುತ್ತಿರುವ ಮೋಸ ಇದು. ಮೇಲೆ ಹೋದವರ ಕೈಗೆ 'ಶೋ ನೋಡಿದ್ದಕ್ಕೆ' ಎಂದು ಸಾವಿರಾರು ಬಹ್ತ್ ಬಿಲ್ ಬರುತ್ತದೆ, ಬಾಗಿಲಿಗೆ ನಾಲ್ಕು ಜನ ಅಡ್ಡ ನಿಲ್ಲುತ್ತಾರೆ. ಹಾಗೆ ಸಿಕ್ಕಿಬಿದ್ದರೆ ಜಗಳಕ್ಕಿಳಿಯದೆ ಹೊರಗೆ ಬರುವುದೇ ಮುಖ್ಯ. ಆಮೇಲೆ ಟೂರಿಸ್ಟ್ ಪೊಲೀಸರಿಗೆ 1155ಕ್ಕೆ ಫೋನ್ ಮಾಡಿ, ಅವರು ಇಂಗ್ಲಿಷಿನಲ್ಲಿ ಮಾತಾಡುತ್ತಾರೆ. ನಾವು ಹತ್ತಲಿಲ್ಲ. ಬೀದಿಯಿಂದ ಒಳಗಡೆ ಕಾಣುವ, ಗೋಡೆಯ ಮೇಲೆ ದರಪಟ್ಟಿ ಇರುವ ನೆಲಮಹಡಿಯ ಬಾರಿಗೆ ಮಾತ್ರ ಕಾಲಿಟ್ಟೆವು.

ಮತ್ತೊಂದು ಎಚ್ಚರಿಕೆ ಸೇದುವವರಿಗೆ: ಇ-ಸಿಗರೇಟ್ ತರುವುದು ಥಾಯ್ಲೆಂಡಿನಲ್ಲಿ 2014ರಿಂದಲೇ ನಿಷಿದ್ಧ. ಬೀದಿಯಲ್ಲಿ ಬಹಿರಂಗವಾಗಿ ಮಾರುವವರನ್ನು ನೋಡಿ ಮೋಸ ಹೋಗಬೇಡಿ, ಕೈಯಲ್ಲಿ ಸಿಕ್ಕಿದರೆ ದಂಡ ಕಟ್ಟುವುದು ನೀವು.

ಇಷ್ಟೆಲ್ಲದರ ನಡುವೆ ನಮಗೆ ಅತ್ಯಂತ ಪ್ರಿಯವಾದ ಜಾಗ ರೂಮಿನಿಂದ ಒಂದೇ ಸ್ಟೇಷನ್ ದೂರದಲ್ಲಿತ್ತು. ವಿಕ್ಟರಿ ಮಾನ್ಯುಮೆಂಟ್ ಬಳಿಯ ಸ್ಯಾಕ್ಸೋಫೋನ್ ಪಬ್ 1980ರ ದಶಕದಿಂದ ಜಾಝ್, ಬ್ಲೂಸ್ ನುಡಿಸುತ್ತಾ ಬಂದಿದೆ. ಒಳಗೆ ಹೋಗಲು ಟಿಕೆಟ್ ಕೇಳಲಿಲ್ಲ. ಮೆಟ್ಟಿಲ ಮೇಲಿನ ಮರದ ಅಟ್ಟದಲ್ಲಿ ಕೂತರೆ ಕಹಳೆ ಊದುವವನ ಹಣೆಯ ಬೆವರೂ ಕಾಣುತ್ತಿತ್ತು. ನಮ್ಮ ಆಚೀಚೆ ಆಫೀಸು ಮುಗಿಸಿ ಬಂದ ಥಾಯ್ ಜನರೇ ಹೆಚ್ಚು. ಭಾವ ಅಲ್ಲಿಂದ ಏಳಲೇ ಒಪ್ಪಲಿಲ್ಲ. "ನಾಳೆನೂ ಇಲ್ಲಿಗೇ ಬರೋಣ ಕಣೇ" ಎಂದು ಅಕ್ಕನಿಗೆ ಹೇಳಿದರು. ಮಾರನೇ ರಾತ್ರಿಯೂ ಅಲ್ಲಿಗೇ ಹೋದೆವು, ಕೊನೆಯ ರೈಲು ಹಿಡಿದು ರೂಮಿಗೆ ಬಂದೆವು.