ದೊಡ್ಡಮ್ಮನ ಕೂದಲು

14 ನವೆಂಬರ್ 2024, ಗುರುವಾರ ರಾತ್ರಿ

ದೊಡ್ಡಮ್ಮ ಕೂದಲು ಕತ್ತರಿಸಿಕೊಂಡು ಬಂದಿದ್ದಾಳೆ. ಕಿವಿಯಿಂದ ನಾಲ್ಕು ಬೆರಳು ಕೆಳಗಿನವರೆಗೆ, ಅಷ್ಟೇ. ರಟ್ಟೆ ನೋವು, ಕೈ ಎತ್ತಿ ಬಾಚೋಕೆ ಆಗಲ್ಲ ಅಂತ. ಸಂಜೆ ಎದುರುಮನೆಯವರು ಗೇಟಿನ ಹತ್ತಿರವೇ ನಿಂತು, "ಮಗನನ್ನಾದರೂ ಒಂದು ಮಾತು ಕೇಳಬಾರದಿತ್ತಾ?" ಅಂದರು. ನನಗೆ ಮೈ ಉರಿಯಿತು. ದೊಡ್ಡಮ್ಮ ಮಾತಾಡಲಿಲ್ಲ. ಒಳಗೆ ಬಂದು, "ಆ ಫಣಿಯಮ್ಮನ ಪುಸ್ತಕ ಎಲ್ಲಿಟ್ಟಿದೀಯ?" ಅಂದಳು.

ಎಂ.ಕೆ. ಇಂದಿರಾ ಅವರ ಕಾದಂಬರಿ 'ಫಣಿಯಮ್ಮ', 1976ರದ್ದು. ಡಿಗ್ರಿಯಲ್ಲಿ ಓದಿದಾಗ ನನಗೆ ಫಣಿಯಮ್ಮನ ಮೇಲೇ ಸಿಟ್ಟು ಬಂದಿತ್ತು. ಲೋಕ ತಿಳಿಯುವ ಮೊದಲೇ ಗಂಡ ಸತ್ತ. ಮೈನೆರೆದ ಮೇಲೆ ತಲೆ ಬೋಳಿಸಿದರು. ಅವಳು ತುಟಿ ಬಿಚ್ಚಲಿಲ್ಲ. ನನಗೆ ಇಷ್ಟವಾದವಳು ದಾಕ್ಷಾಯಿಣಿ, ತಲೆ ಬೋಳಿಸಿಕೊಳ್ಳಲ್ಲ ಅಂತ ಹಟ ಹಿಡಿದವಳು.

ಅದನ್ನೇ ಹೇಳಿದೆ.

"ದಾಕ್ಷಾಯಿಣಿ ಬೇಡ ಅಂದಾಗ ಅವಳ ಪರ ನಿಂತವರು ಯಾರು?"

"ಫಣಿಯಮ್ಮ."

"ಮತ್ತೆ? ಜನ್ಮವಿಡೀ ಮಡಿಯಲ್ಲಿ ಬದುಕಿದವಳೇ ಬೇಡ ಬಿಡಿ ಅಂದರೆ ಯಾರು ಬಾಯಿ ತೆಗೀತಾರೆ?"

ನಿಜ. ಆದರೆ ನನ್ನ ಹೊಟ್ಟೆಯಲ್ಲಿ ಸಂಕಟವಾಗುವುದೂ ಅಲ್ಲೇ. ಆ ಒಂದು ಮಾತಿಗೆ ತೂಕ ಬರಬೇಕಾದರೆ ಅವಳು ಇಡೀ ಆಯಸ್ಸನ್ನೇ ಕೊಡಬೇಕಾಯ್ತಲ್ಲ! ಅದನ್ನು ಶಕ್ತಿ ಅಂತ ಕರೆಯೋಕೆ ನನಗೆ ಇವತ್ತಿಗೂ ಮನಸ್ಸು ಬರಲ್ಲ.

ಅವಳು ಸುಮ್ಮನಿದ್ದಳು ಅಂತ ಹೇಳುವುದೂ ಪೂರ್ತಿ ಸರಿಯಲ್ಲ, ಈಗ ಹೊಳೀತಿದೆ. ಇಂದಿರಾ ಅವರಿಗೆ ಈ ಕತೆ ಸಿಕ್ಕಿದ್ದು ಅವರ ತಾಯಿಯಿಂದ. ತಾಯಿಗೆ ಹೇಳಿದವಳು ಸ್ವತಃ ಫಣಿಯಮ್ಮ, ನಿಜವಾಗಿ ಬದುಕಿದ್ದವಳು. ಗಂಡಸರ ಮುಂದೆ ಆಡದ್ದನ್ನೆಲ್ಲ ಒಬ್ಬ ಹೆಂಗಸಿನ ಹತ್ತಿರ ಆಡಿದ್ದಳು. ಬಾಯಿಂದ ಬಾಯಿಗೆ ದಾಟದೇ ಹೋಗಿದ್ದರೆ ನಮಗೆ ಅವಳ ಹೆಸರೂ ಗೊತ್ತಿರುತ್ತಿರಲಿಲ್ಲ.

ನಾಳೆ ಬೆಳಿಗ್ಗೆ ಗ್ಯಾಸ್ ಬುಕ್ ಮಾಡಬೇಕು. ಮರೆಯಬಾರದು.

ಮಲಗುವ ಮೊದಲು ದೊಡ್ಡಮ್ಮನ ರಟ್ಟೆಗೆ ಎಣ್ಣೆ ತಿಕ್ಕಿದೆ. ಬರಿದಾದ ಕುತ್ತಿಗೆ ನೋಡಿ ಯಾಕೋ ಕಣ್ಣು ತುಂಬಿತು. ಅಷ್ಟು ಚಿಕ್ಕ ಕುತ್ತಿಗೆ ಅವಳದು, ನನಗೆ ಗೊತ್ತೇ ಇರಲಿಲ್ಲ. "ಅವರಿಗೆ ಯಾಕೆ ಏನೂ ಹೇಳಲಿಲ್ಲ?" ಅಂತ ಕೇಳಿದೆ. ತುಂಬಾ ಹೊತ್ತು ಸುಮ್ಮನಿದ್ದಳು. ಆಮೇಲೆ, "ನಾನು ಯಾರನ್ನ ಕೇಳಬೇಕಿತ್ತು?" ಅಂದಳು. ದನಿಯಲ್ಲಿ ಕೋಪ ಇರಲಿಲ್ಲ. ನಿಜವಾಗಿಯೂ ಲೆಕ್ಕ ಹಾಕುತ್ತಿದ್ದ ಹಾಗಿತ್ತು. ಮೊದಲು ಅಜ್ಜ, ಆಮೇಲೆ ದೊಡ್ಡಪ್ಪ, ಈಗ ಅಣ್ಣ...