ಓದಿದ್ದನ್ನೇ ಮತ್ತೆ ಓದಿದ ಸ್ಲೈಸ್

ಮೂರು ದಿನದಿಂದ ಒಂದು ಟೆಸ್ಟ್ ಕಾಡುತ್ತಿತ್ತು. ರಸ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ, ಬೈನರಿ ಫೈಲನ್ನು ಓದಿ ಬಿಡಿಸುವ ಚಿಕ್ಕ ಪಾರ್ಸರಿನದು ಅದು. ಮೊದಲ 16 ಬೈಟ್ ಹೆಡರ್, ಆಮೇಲೆ ರೆಕಾರ್ಡ್‌ಗಳು, ಪ್ರತಿ ರೆಕಾರ್ಡಿನ ಮುಂದೆ 4 ಬೈಟ್‌ನಲ್ಲಿ ಅದರ ಉದ್ದ. ಫೈಲ್ ಕೊಟ್ಟರೆ ಎಲ್ಲ ಸರಿ. ಟೆಸ್ಟ್‌ನಲ್ಲಿ ಮೆಮೊರಿಯಲ್ಲಿರುವ ಬೈಟ್‌ಗಳ ಸಾಲು, ಅಂದರೆ ಬೈಟ್ ಸ್ಲೈಸ್ ಕೊಟ್ಟರೆ ಮಾತ್ರ ಮೊದಲ ರೆಕಾರ್ಡಿನ ಉದ್ದ 100 ಕೋಟಿ ದಾಟುತ್ತಿತ್ತು.

ಆ ಸಂಖ್ಯೆಯನ್ನು ಬೈಟ್ ಬೈಟಾಗಿ ಬಿಡಿಸಿ ನೋಡಿದೆ. ನಾಲ್ಕೂ ಇಂಗ್ಲಿಷ್ ದೊಡ್ಡಕ್ಷರಗಳ ಆಸ್ಕಿ ಬೆಲೆಗಳು! ಹೆಡರಿನ ಶುರುವಿಗೆ ನಾನೇ ಇಟ್ಟ ಗುರುತು. ಹೆಡರ್ ಓದಿ ಮುಗಿದ ಮೇಲೂ ಓದು ಮತ್ತೆ ಮೊದಲಿನಿಂದಲೇ ಶುರುವಾಗಿತ್ತು.

ಹೆಡರ್ ಓದುವ, ರೆಕಾರ್ಡ್ ಓದುವ ಎರಡೂ ಫಂಕ್ಷನ್‌ಗಳು ‘ಆರ್: ರೀಡ್’ (ಓದಲು ಬೈಟ್ ಕೊಡಬಲ್ಲ ಯಾವ ಟೈಪ್ ಆದರೂ ಸರಿ) ಎಂಬ ಜೆನೆರಿಕ್ ಪ್ಯಾರಾಮೀಟರನ್ನು ಬೈ ವ್ಯಾಲ್ಯೂ, ಅಂದರೆ ಎರವಲಾಗಿ ಅಲ್ಲದೆ ಮೌಲ್ಯವನ್ನೇ ತೆಗೆದುಕೊಳ್ಳುತ್ತಿದ್ದವು. ಫೈಲನ್ನು ಹಾಗೆ ಕೊಟ್ಟರೆ ಅದರ ಒಡೆತನವೇ ಕೈಬಿಡುತ್ತದೆ, ಎರಡನೇ ಸಲ ಬಳಸಲು ಕಂಪೈಲರ್ ಬಿಡುವುದಿಲ್ಲ. ಅದಕ್ಕೇ ಅಲ್ಲಿ ‘&ಮ್ಯೂಟ್ ಫೈಲ್’ ಎಂದು ಬರೆದು, ಬದಲಾಯಿಸಬಹುದಾದ ಎರವಲಷ್ಟೇ ಕೊಟ್ಟಿದ್ದೆ; ‘ಆರ್’ಗೆ ರೀಡ್ ಇದ್ದರೆ ‘&ಮ್ಯೂಟ್ ಆರ್’ಗೂ ಸ್ಟ್ಯಾಂಡರ್ಡ್ ಲೈಬ್ರರಿ ರೀಡ್ ಕೊಟ್ಟಿದೆ. ಬೈಟ್ ಸ್ಲೈಸ್‌ಗೂ ರೀಡ್ ಇದೆ, ಓದಿದಷ್ಟೂ ಅದು ಮುಂದಿನಿಂದ ಸವೆಯುತ್ತಾ ಹೋಗುತ್ತದೆ. ಆದರೆ ಅದು ಕಾಪಿ ಟೈಪ್, ಕೊಟ್ಟಾಗ ಒಡೆತನ ಹೋಗದೆ ನಕಲಷ್ಟೇ ಹೋಗುತ್ತದೆ. ಫಂಕ್ಷನ್ನಿನೊಳಗೆ ಹೋದದ್ದು ನಕಲು, ಸವೆದದ್ದೂ ನಕಲೇ. ಹೊರಗಿದ್ದದ್ದು ಇದ್ದ ಹಾಗೇ ಇತ್ತು. ಎರರ್ ಇಲ್ಲ, ವಾರ್ನಿಂಗ್ ಇಲ್ಲ.

ಕರೆಯುವ ಕಡೆ ‘&ಮ್ಯೂಟ್’ ಸೇರಿಸಿದ್ದರೂ ಸಾಕಿತ್ತು. ನಾನು ಫಂಕ್ಷನ್ ಏನು ತೆಗೆದುಕೊಳ್ಳುತ್ತದೆಂದು ಹೇಳುವ ಸಿಗ್ನೇಚರನ್ನೇ ‘ಇನ್‌ಪುಟ್: &ಮ್ಯೂಟ್ ಆರ್’ ಎಂದು ತಿದ್ದಿದೆ. ಇನ್ನು ಮರೆತರೆ ಟೈಪ್ ಹೊಂದುತ್ತಿಲ್ಲ ಎಂದು ಕಂಪೈಲರ್ ಅಲ್ಲೇ ಹಿಡಿಯುತ್ತದೆ. ರಸ್ಟ್‌ನ ಎಪಿಐ ಮಾರ್ಗಸೂಚಿ ರೀಡರ್‌ಗಳನ್ನು ಬೈ ವ್ಯಾಲ್ಯೂ ತೆಗೆದುಕೊಳ್ಳಿ ಎನ್ನುತ್ತದೆ. ನಾಲ್ಕು ಜನ ಬಳಸುವ ಲೈಬ್ರರಿಗೆ ಅದು ಒಪ್ಪುವ ಮಾತೇ. ಒಂದೇ ಇನ್‌ಪುಟ್ ಹತ್ತು ಫಂಕ್ಷನ್ ದಾಟಿ ಹೋಗುವ ಒಳಗಿನ ಕೋಡಿನಲ್ಲಿ ಮಾತ್ರ, ಇದು ಎರವಲು ಎಂಬುದು ಸಿಗ್ನೇಚರಿನಲ್ಲೇ ಕಾಣಬೇಕು ಅನ್ನುವುದು ನನ್ನ ಹಟ.

ರಿಕರ್ಶನ್ ಇದ್ದರಂತೂ ಬೇರೆ ಮಾತಿಲ್ಲ. ಬೈ ವ್ಯಾಲ್ಯೂ ಫಂಕ್ಷನ್ ತನ್ನನ್ನೇ ‘&ಮ್ಯೂಟ್’ ಹಾಕಿ ಕರೆದರೆ ಪ್ರತಿ ಹಂತಕ್ಕೂ ಟೈಪಿಗೆ ಇನ್ನೊಂದು ‘&ಮ್ಯೂಟ್’ ಅಂಟಿಕೊಳ್ಳುತ್ತದೆ. ಅಂಥ ಪ್ರತಿಯೊಂದು ಟೈಪಿಗೂ ಫಂಕ್ಷನ್ನಿನ ಹೊಸ ಪ್ರತಿ ಹುಟ್ಟಿಸಲು ಹೋಗಿ ಕಂಪೈಲರ್ ಕೊನೆಗೆ ಮಿತಿ ಮೀರಿತೆಂದು ನಿಲ್ಲುತ್ತದೆ. ‘&ಮ್ಯೂಟ್ ಆರ್’ ಆದರೆ ಅದೇ ಎರವಲು ಮುಂದಕ್ಕೆ ಹೋಗುತ್ತದೆ, ಟೈಪ್ ಬೆಳೆಯುವುದಿಲ್ಲ. ಓಡುವಾಗಷ್ಟೇ ನಿಜವಾದ ಟೈಪ್ ಗೊತ್ತಾಗುವ ‘ಡಿನ್ ರೀಡ್’ ಕೂಡ ಒಳಗೆ ಬರಲಿ ಎಂದು, ಗಾತ್ರ ಮೊದಲೇ ಗೊತ್ತಿರಬೇಕೆಂಬ ನಿಯಮ ಸಡಿಲಿಸುವ ‘?ಸೈಜ್ಡ್’ ಸೇರಿಸಿಟ್ಟೆ.

ಟೆಸ್ಟ್ ಮತ್ತೆ ಓಡಿಸಿದೆ. ಮೊದಲ ರೆಕಾರ್ಡಿನ ಉದ್ದ 12. ಇರಬೇಕಾದದ್ದೂ ಅಷ್ಟೇ.