"ಫ್ರೆಶ್ ರಕ್ತ ಕೊಡಿ" ಅಂತ ಕೇಳುವವರಿಗೆ

ಉಡುಪಿಯ ಒಂದು ಬ್ಲಡ್ ಸೆಂಟರ್‌ನಲ್ಲಿ ನಾನು ಟೆಕ್ನೀಷಿಯನ್. ಕೌಂಟರ್‌ನಲ್ಲಿ ಜಾಸ್ತಿ ಕೇಳಿಬರುವ ಮಾತು ಇದು: "ಫ್ರೆಶ್ ಇದ್ರೆ ಕೊಡಿ ಮಾರಾಯ್ರೆ." ಬ್ಯಾಗ್ ಮೇಲಿನ ತಾರೀಕು ಮೂರು ವಾರ ಹಳೆಯದಾದರೆ ಮುಖ ಸಣ್ಣದಾಗುತ್ತದೆ. ಮಲ್ಪೆ ಬಂದರಿನಲ್ಲಿ ಬಂಗುಡೆ ಮೀನಿನ ಕಿವಿರು ಎತ್ತಿ ನೋಡಿ ಬೆಳೆದವರು ನಾವು, ರಕ್ತವನ್ನೂ ಹಾಗೇ ಅಳೆಯುತ್ತೇವೆ.

ಇಟ್ಟಷ್ಟು ದಿನ ಕೆಂಪುಕಣ ಸವೆಯುತ್ತದೆ, ನಿಜ. ಅದಕ್ಕೆ ಶಕ್ತಿ ತಯಾರಿಸುವ ಮೈಟೋಕಾಂಡ್ರಿಯಾ ಇಲ್ಲ, ಗ್ಲೂಕೋಸ್ ಒಂದೇ ಊಟ. ಉಂಡು ಲ್ಯಾಕ್ಟಿಕ್ ಆಮ್ಲ ಬಿಡುತ್ತದೆ, ಬ್ಯಾಗಿನೊಳಗೆ ಹುಳಿ ಏರುತ್ತದೆ. ಚಳಿಗೆ ಕಣದ ಪಂಪ್ ಮಂದವಾಗಿ ಪೊಟ್ಯಾಸಿಯಂ ಹೊರಗೆ ಸೋರುತ್ತದೆ. ಆಮ್ಲಜನಕ ಬಿಟ್ಟುಕೊಡಲು ನೆರವಾಗುವ 2,3-ಡಿಪಿಜಿ ಎರಡು ವಾರದಲ್ಲಿ ಬಹುತೇಕ ಖಾಲಿ. ಆದರೆ ರೋಗಿಯ ಮೈ ಸೇರಿದ ಮೇಲೆ ಎರಡು ಮೂರು ದಿನದಲ್ಲಿ ಅದು ಮತ್ತೆ ತುಂಬಿಕೊಳ್ಳುತ್ತದೆ.

ಈ ಸವೆತವನ್ನು ನಿಧಾನ ಮಾಡುವುದೇ ಬ್ಯಾಗಿನ ದ್ರಾವಣದ ಕೆಲಸ. 1943ರ ಎಸಿಡಿ ದ್ರಾವಣದಲ್ಲಿ ರಕ್ತ 21 ದಿನ ಇರುತ್ತಿತ್ತು. ಸಿಪಿಡಿಎ-1 ಬಂದ ಮೇಲೆ 35 ದಿನ. ಈಗ ನಾವು ಪ್ಯಾಕ್ಡ್ ಸೆಲ್‌ಗೆ, ಅಂದರೆ ಬೇರ್ಪಡಿಸಿದ ಕೆಂಪುಕಣಕ್ಕೆ, ಸೇರಿಸುವ ಸ್ಯಾಗ್‌ಎಂ ದ್ರಾವಣದಲ್ಲಿ 42 ದಿನ. ಅದರಲ್ಲಿ ಉಪ್ಪು, ಅಡೆನಿನ್, ಗ್ಲೂಕೋಸ್, ಮ್ಯಾನಿಟಾಲ್ ಇವೆ. ಅಡೆನಿನ್ ಕಣಕ್ಕೆ ಶಕ್ತಿ ಕೊಡುವ ಎಟಿಪಿಗೆ, ಮ್ಯಾನಿಟಾಲ್ ಕಣ ಒಡೆಯದಿರಲಿಕ್ಕೆ. ಈ ದಿನಗಳನ್ನು ಯಾರೋ ಸುಮ್ನೆ ಬರೆದದ್ದಲ್ಲ. ಕೊನೆಯ ದಿನ ಕೊಟ್ಟರೂ, 24 ಗಂಟೆಯ ನಂತರ ಕನಿಷ್ಠ ಶೇ. 75 ಕಣಗಳು ರೋಗಿಯ ರಕ್ತದಲ್ಲಿ ಓಡಾಡುತ್ತಿರಬೇಕು ಎಂಬುದು ಅಳತೆ.

ಹಾಗಾದರೆ ಹೊಸ ರಕ್ತ ಕೊಟ್ಟರೆ ರೋಗಿ ಬೇಗ ಚೇತರಿಸಿಕೊಳ್ಳುತ್ತಾನಾ? ಐಸಿಯು ರೋಗಿಗಳಲ್ಲಿ ಏಬಲ್, ಹೃದಯದ ಶಸ್ತ್ರಚಿಕಿತ್ಸೆಯಲ್ಲಿ ರಿಸೆಸ್, ಎರಡೂ ಅಧ್ಯಯನ 2015ರಲ್ಲಿ ಬಂದವು. 2016ರಲ್ಲಿ 20 ಸಾವಿರಕ್ಕೂ ಹೆಚ್ಚು ರೋಗಿಗಳ ಇನ್‌ಫಾರ್ಮ್ ಬಂತು. ಯಾವುದರಲ್ಲೂ ಹೊಸದರಿಂದ ಲಾಭ ಕಾಣಲಿಲ್ಲ. ನವಜಾತ ಶಿಶುವಿನ ರಕ್ತ ಬದಲಿಸುವಾಗ ಹಳೆಯ ಬ್ಯಾಗಿನಲ್ಲಿ ಸೋರಿದ ಪೊಟ್ಯಾಸಿಯಂನ ಭಯ ಇರುವುದರಿಂದ ನಾವೇ ಹೊಸ ಬ್ಯಾಗ್ ಹುಡುಕುತ್ತೇವೆ. ಅದು ಬೇರೆ ಮಾತು.

ನನಗೆ ತಲೆನೋವು ತರುವುದು ತಾಪಮಾನ. ನಮ್ಮ ಫ್ರಿಜ್ 2ರಿಂದ 6 ಡಿಗ್ರಿ ದಾಟಿದರೆ ಅಲಾರಂ ಕೂಗುತ್ತದೆ. ಮಳೆಗಾಲದ ಸಿಡಿಲಿಗೆ ಕರೆಂಟ್ ಹೋದರೂ ಜನರೇಟರ್ ಇದೆ. ಕಷ್ಟ ಇರುವುದು ಫ್ರಿಜ್‌ನ ಹೊರಗೆ. ಬೈಂದೂರಿನ ಕ್ಯಾಂಪ್‌ನಿಂದ ಬ್ಯಾಗ್ ಬರಬೇಕು ಅಂದುಕೊಳ್ಳಿ. ಪ್ಲೇಟ್‌ಲೆಟ್ ತೆಗೆಯುವುದಿದ್ದರೆ ಅದನ್ನು ತಣ್ಣಗೆ ಮಾಡುವಂತಿಲ್ಲ, 20ರಿಂದ 24 ಡಿಗ್ರಿಯಲ್ಲೇ ತರಬೇಕು. ಡೆಂಗಿ ಸಮಯದಲ್ಲಿ ಪ್ಲೇಟ್‌ಲೆಟ್ ಎಲ್ಲರಿಗೂ ಬೇಕು, ಅಲ್ವಾ? ಬೇಡದಿದ್ದರೆ ಐಸ್ ಪ್ಯಾಕ್ ಇಡಬಹುದು, ಆದರೆ ಅದು ಬ್ಯಾಗಿಗೆ ನೇರ ತಾಗಬಾರದು. ತಾಗಿದ ಕಡೆ ರಕ್ತ ಮಂಜುಗಡ್ಡೆಯಾದರೆ ಕಣಗಳು ಒಡೆಯುತ್ತವೆ. ಕ್ಯಾಂಪ್‌ಗೆ ಬರುವ ಹೊಸ ಹುಡುಗರಿಗೆ ನಾನು ಮೊದಲು ಕಲಿಸುವುದು ಬಾಕ್ಸ್ ತುಂಬುವುದನ್ನು. ಸೂಜಿ ಹಾಕುವುದನ್ನು ಹೇಗೂ ಕಲಿಯುತ್ತಾರೆ.

ಆಮೇಲೆ ವಾರ್ಡ್. ಜ್ವರ ಇದೆ, ಆಮೇಲೆ ಹಾಕೋಣ ಅಂತ ಬ್ಯಾಗನ್ನು ಮದ್ದಿನ ಫ್ರಿಜ್‌ನಲ್ಲಿ ಇಟ್ಟುಬಿಡುತ್ತಾರೆ. ಮೇಲೆ ಫ್ರೀಜರ್, ಕೆಳಗೆ ಇನ್ಸುಲಿನ್, ಗಳಿಗೆಗೊಮ್ಮೆ ತೆರೆಯುವ ಬಾಗಿಲು. ಬೇಡವಾದರೆ ಅರ್ಧ ಗಂಟೆಯೊಳಗೆ ನಮಗೆ ವಾಪಸ್ ಕೊಡಿ, ಹಾಕಲು ಶುರುಮಾಡಿದರೆ ನಾಲ್ಕು ಗಂಟೆಯೊಳಗೆ ಮುಗಿಸಿ. ನಿಯಮ ಅಷ್ಟೇ. ಈಗ ಇಶ್ಯೂ ಸ್ಲಿಪ್ ಮೇಲೆ ಬ್ಯಾಗ್ ಹೊರಟ ಸಮಯವನ್ನು ಕೆಂಪು ಪೆನ್‌ನಲ್ಲಿ ದೊಡ್ಡದಾಗಿ ಬರೆಯುತ್ತೇವೆ. ಇಪ್ಪತ್ತು ನಿಮಿಷಕ್ಕೆ ನಾವೇ ಫೋನ್ ಮಾಡುತ್ತೇವೆ. ನರ್ಸ್‌ಗಳು ಮೊದಮೊದಲು ಗೊಣಗಿದರು. ಈಗ ಅವರೇ ಫೋನ್ ಮಾಡುತ್ತಾರೆ.

ಅಮೆರಿಕದಲ್ಲಿ, ಕಣ ಕಡಿಮೆ ಸವೆಯಲೆಂದು ಬ್ಯಾಗಿನ ಆಮ್ಲಜನಕ ತಗ್ಗಿಸಿ ಇಡುವ ವಿಧಾನಕ್ಕೆ 2023ರಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿದೆ. ಅದು ಇಲ್ಲಿಗೂ ಬರಲಿ. ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದು ಕ್ಯಾಲೆಂಡರ್. ಆಗಸ್ಟ್ 15ಕ್ಕೆ ಊರೂರಿನ ಯುವಕ ಮಂಡಲಗಳು ಒಂದೇ ದಿನ ಕ್ಯಾಂಪ್ ಮಾಡುತ್ತವೆ. ಆವತ್ತಿನ ಪ್ಯಾಕ್ಡ್ ಸೆಲ್ ಎಲ್ಲದರ ಅವಧಿ ಸೆಪ್ಟೆಂಬರ್ 26ಕ್ಕೆ ಒಟ್ಟಿಗೆ ಮುಗಿಯುತ್ತದೆ. ಕೊಟ್ಟ ಗಂಡಸರು 90 ದಿನ, ಹೆಂಗಸರು 120 ದಿನ ಮತ್ತೆ ಕೊಡುವಂತಿಲ್ಲ. ಅಕ್ಟೋಬರ್‌ನಲ್ಲಿ ಯಾರನ್ನು ಕರೆಯುವುದು?

ಹಾಗಾಗಿ ಕೆಲವು ಮಂಡಲಗಳ ಬೆನ್ನು ಹತ್ತಿದ್ದೇನೆ. ಒಂದೆರಡು ಅಕ್ಟೋಬರ್‌ಗೆ ಒಪ್ಪಿವೆ. ಇನ್ನೊಂದನ್ನು ಜುಲೈಗೆ ಕೇಳಿದೆ. ಆಟಿ ತಿಂಗಳ ಮಳೆಗೆ ಜನ ಬರುವುದಿಲ್ಲ ಅಂದರು. ಮೀನುಗಾರಿಕೆ ಬೋಟ್‌ಗಳು ಜುಲೈನಲ್ಲಿ ದಡದಲ್ಲೇ ಇರುತ್ತವೆ, ಹುಡುಗರು ಊರಲ್ಲೇ ಇರುತ್ತಾರೆ ಅಂತ ನೆನಪಿಸಿದೆ. ಮೀಟಿಂಗ್‌ನಲ್ಲಿ ಇಡುತ್ತೇವೆ ಅಂದಿದ್ದಾರೆ.